ಸಪಾದ: ಒಂದರ ಮೇಲೆ ಒಂದು ಕಾಲು

ನಮ್ಮ ಸಿಹಿತಿಂಡಿಗಳ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ. ಕೇಸರಿಬಾತಿಗೆ ಹೆಸರು ಕೊಟ್ಟದ್ದು ಕೇಸರಿ. ಮೈಸೂರು ಪಾಕು, ಧಾರವಾಡ ಪೇಡೆಗಳು ಊರನ್ನು ಹೊತ್ತಿವೆ. ಕಾಯಿಹೋಳಿಗೆ, ಎಳ್ಳುಂಡೆ, ಕಡಲೆಬೇಳೆ ಪಾಯಸಗಳು ಒಳಗೇನಿದೆ ಎಂಬುದನ್ನು ನೇರವಾಗಿ ಹೇಳಿಬಿಡುತ್ತವೆ. ಆದರೆ ಬರೀ ಅಳತೆಯನ್ನೇ ಹೆಸರಾಗಿ ಇಟ್ಟುಕೊಂಡ ಸಿಹಿಯೂ ಒಂದಿದೆ. ಸತ್ಯನಾರಾಯಣ ಪೂಜೆಯ ದಿನ ದೊನ್ನೆಯಲ್ಲೋ ಬಾಳೆಲೆಯ ಚೂರಿನಲ್ಲೋ ಕೈಗೆ ಬರುವ, ಬಾಳೆಹಣ್ಣು ಬೆರೆತು ತುಪ್ಪ ಜಿನುಗುವ ರವೆಯ ಪ್ರಸಾದ. ಅದರ ಹೆಸರು ಸಪಾದ ಭಕ್ಷ್ಯ.

ಈ ಹೆಸರನ್ನು ಇದ್ದ ಹಾಗೆ ಉಚ್ಚರಿಸುವವರು ಕಡಿಮೆ. ಕೆಲವರಿಗೆ ಅದು ‘ಸಪಾತ’, ಕೆಲವರಿಗೆ ‘ಸಪಾದ ಭಕ್ಷ’. ಪ್ರಸಾದ ಎಂಬ ಮಾತಿನ ಪಕ್ಕದಲ್ಲೇ ಓಡಾಡುವುದರಿಂದ ಅದರದೇ ಇನ್ನೊಂದು ರೂಪವೆಂದು ಭಾವಿಸುವವರೂ ಉಂಟು. ನಿಜಕ್ಕೂ ಇದು ಭಕ್ತಿಯ ಪದವಲ್ಲ, ಲೆಕ್ಕದ ಪದ. ‘ಸ’ ಎಂದರೆ ಕೂಡಿದ, ‘ಪಾದ’ ಎಂದರೆ ನಾಲ್ಕರಲ್ಲೊಂದು ಪಾಲು. ಒಂದಕ್ಕೆ ಕಾಲು ಕೂಡಿದರೆ ಸಪಾದ, ಅಂದರೆ ಒಂದೂಕಾಲು.

ಹೆಜ್ಜೆಯಿಡುವ ಪಾದ ಲೆಕ್ಕದ ಪಾಲಾದದ್ದು ನಾಲ್ಕು ಕಾಲಿನ ಪ್ರಾಣಿಯಿಂದ. ಪಶುವಿಗೆ ನಾಲ್ಕು ಪಾದ, ಆದ್ದರಿಂದ ಒಂದು ಪಾದವೆಂದರೆ ನಾಲ್ಕನೆಯ ಒಂದು ಭಾಗ. ಶ್ಲೋಕಕ್ಕೂ ನಾಲ್ಕು ಪಾದ, ನಕ್ಷತ್ರಕ್ಕೂ ನಾಲ್ಕು ಪಾದ. ಜಾತಕ ನೋಡುವವರು ‘ರೋಹಿಣಿ ಎರಡನೆಯ ಪಾದ’ ಎನ್ನುವುದು ಇದೇ ಲೆಕ್ಕದಲ್ಲಿ. ಕನ್ನಡವೂ ಇದೇ ದಾರಿಯಲ್ಲಿ ನಡೆದಿದೆ. ನಡೆಯುವುದೂ ಕಾಲಿನಲ್ಲೇ, ಬೆಂಡೆಕಾಯಿ ಕೊಳ್ಳುವುದೂ ಕಾಲು ಕೇಜಿಯಲ್ಲೇ. ಮೂರು ಕಾಲು ಸೇರಿದರೆ ಮುಕ್ಕಾಲು. ತಮಿಳಿನ ‘ಕಾಲ್’ ಕೂಡ ಹೀಗೆ ಎರಡೂ ಕೆಲಸ ಮಾಡುತ್ತದೆ.

ಸಪಾದವು ಪ್ರಾಕೃತದವರ ಬಾಯಲ್ಲಿ ಸವೆದು ಹಿಂದಿಯಲ್ಲಿ ‘ಸವಾ’ ಆಯಿತು, ಮರಾಠಿಯಲ್ಲಿ ‘ಸವ್ವಾ’ ಆಯಿತು. ಆ ಸವೆದ ರೂಪವೂ ಕನ್ನಡಕ್ಕೆ ಬಂದಿದೆ. ಒಬ್ಬನನ್ನು ಇನ್ನೊಬ್ಬ ಮೀರಿಸಿದಾಗ ‘ಸೇರಿಗೆ ಸವ್ವಾಸೇರು’ ಎನ್ನುತ್ತೇವಲ್ಲ, ಆ ಸವ್ವಾ ಈ ಸಪಾದವೇ. ದೇವರ ಮನೆಯಲ್ಲಿ ಮಡಿಯುಟ್ಟು ಕೂತ ಅಣ್ಣ, ಸಂತೆಯಲ್ಲಿ ತೋಳು ಮಡಿಸಿ ಜಗಳಕ್ಕೆ ನಿಂತ ತಮ್ಮ ಇದ್ದ ಹಾಗೆ ಇವೆರಡೂ.

ಪಾದದ ಸಂತಾನ ಅಲ್ಲಿಗೇ ಮುಗಿಯುವುದಿಲ್ಲ. ಸೇರಿನ ಕಾಲುಭಾಗ ಪಾವು. ರೂಪಾಯಿಯ ಕಾಲುಭಾಗ ಪಾವಲಿ, ನಾಲ್ಕಾಣೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಬಂದ ಮೇಲೆ ನಾಲ್ಕಾಣೆಯ ಬೆಲೆ 25 ಪೈಸೆಯಾದರೂ ಬಾಯಲ್ಲಿ ಅದು ನಾಲ್ಕಾಣೆಯಾಗಿಯೇ ಉಳಿಯಿತು. 2011ರ ಜೂನ್ 30ರಿಂದ 25 ಪೈಸೆಯ ನಾಣ್ಯ ಚಲಾವಣೆಯಲ್ಲೇ ಇಲ್ಲ. ಒಂದೂಕಾಲು ರೂಪಾಯಿ ಮುಡಿಪು ಕಟ್ಟಬೇಕೆಂದರೆ ಒಂದು ಸಿಗುತ್ತದೆ, ಕಾಲು ಸಿಗುವುದಿಲ್ಲ. ಖಜಾನೆ ಕೈಬಿಟ್ಟ ಆ ಕಾಲನ್ನು ಅಡುಗೆಮನೆ ಮಾತ್ರ ಇನ್ನೂ ಹಿಡಿದುಕೊಂಡಿದೆ. ಪೂರ್ತಿ ಒಂದಕ್ಕೆ ನಿಲ್ಲಿಸಬಾರದು, ಇನ್ನಷ್ಟು ಬೆಳೆಯಲಿ ಎಂಬ ಹಾರೈಕೆ ಅದು ಎನ್ನುತ್ತಾರೆ ಹಿರಿಯರು. ನೂರರ ಮೇಲೆ ಒಂದು ರೂಪಾಯಿ ಇಟ್ಟು ಮುಯ್ಯಿ ಮಾಡುವುದೂ ಇದೇ ಭಾವದಿಂದ.

ಪೂಜೆಯ ಕಥೆ ಸ್ಕಾಂದ ಪುರಾಣದ ರೇವಾಖಂಡದ್ದೆಂದು ಪ್ರತಿ ಅಧ್ಯಾಯದ ಕೊನೆಯಲ್ಲೂ ಓದುತ್ತಾರೆ. ಅದರ ಮೊದಲ ಅಧ್ಯಾಯದಲ್ಲೇ ನೈವೇದ್ಯದ ಪಟ್ಟಿ ಇದೆ: ಬಾಳೆಹಣ್ಣು, ತುಪ್ಪ, ಹಾಲು, ಗೋಧಿಹಿಟ್ಟು, ಗೋಧಿ ಇಲ್ಲದಿದ್ದರೆ ಅಕ್ಕಿಹಿಟ್ಟು, ಸಕ್ಕರೆ ಅಥವಾ ಬೆಲ್ಲ. ಎಲ್ಲವನ್ನೂ ಸಪಾದ ಅಳತೆಯಲ್ಲಿ ತೆಗೆದುಕೊಂಡು ಒಂದುಗೂಡಿಸಿ ನಿವೇದಿಸಬೇಕು. ಗಮನಿಸಿ, ರೇವಾಖಂಡದಲ್ಲಿ ರವೆ ಇಲ್ಲ. ಒಲೆಯ ಮಾತೂ ಇಲ್ಲ. ಬಂಗಾಳದವರು ಇಂದಿಗೂ ಹಿಟ್ಟು, ಹಾಲು, ಬಾಳೆಹಣ್ಣು, ಬೆಲ್ಲವನ್ನು ಹಸಿಯಾಗಿಯೇ ಕಲಸಿ ‘ಶಿನ್ನಿ’ ಮಾಡುತ್ತಾರೆ. ಆಂಧ್ರದ ಅನ್ನವರಂ ಸತ್ಯನಾರಾಯಣನಿಗೆ ಗೋಧಿನುಚ್ಚಿನ ಪ್ರಸಾದ. ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಹಿಟ್ಟಿನ ಜಾಗಕ್ಕೆ ರವೆ ಬಂತು, ರವೆ ಬಂದದ್ದರಿಂದ ಬಾಣಲೆಯೂ ಬಂತು. ಧಾನ್ಯ ಬದಲಾಯಿತು, ಪಾಕ ಬದಲಾಯಿತು, ಅಳತೆ ಮಾತ್ರ ಅಲುಗಲಿಲ್ಲ. ನಾವು ಸಪಾದ ಎಂದೆವು, ಮರಾಠಿಯವರು ಸವ್ವಾ ವಾಟಿ ರವೆ ಎಂದರು.

ಹಳೆ ಮೈಸೂರಿನ ಮನೆಗಳಲ್ಲಿ ಇದೇ ಪ್ರಸಾದಕ್ಕೆ ಸಜ್ಜಿಗೆ ಎಂಬ ಹೆಸರೂ ಇದೆ. ಆದರೆ ಆ ಪದವನ್ನು ನಂಬಿ ಮಂಗಳೂರಿಗೆ ಹೋಗಿ ಸಜ್ಜಿಗೆ ಕೇಳಿದರೆ ಒಗ್ಗರಣೆ ಹಾಕಿದ ಉಪ್ಪಿಟ್ಟು ಬರುತ್ತದೆ, ಜೊತೆಗೆ ಅವಲಕ್ಕಿ. ಉತ್ತರ ಕರ್ನಾಟಕದಲ್ಲಿ ಈ ಸಿಹಿ ಪ್ರಸಾದ ಶಿರಾ. ಸಿಹಿಯೋ ಖಾರವೋ ಎಂಬ ಗೊಂದಲವಿಲ್ಲದೆ ಎಲ್ಲ ಕಡೆ ಸಲ್ಲುವ ಹೆಸರು ಸಪಾದ ಒಂದೇ. ಅದಕ್ಕೂ ಒಂದು ಷರತ್ತಿದೆ. ಅದೇ ರವೆ, ಅದೇ ತುಪ್ಪ, ಅದೇ ಬಾಳೆಹಣ್ಣು ಹಾಕಿ ಮಂಗಳವಾರ ಸಂಜೆ ಮಕ್ಕಳಿಗೆ ಮಾಡಿಕೊಟ್ಟರೆ ಯಾರೂ ಸಪಾದ ಎನ್ನುವುದಿಲ್ಲ, ‘ಬಾಳೆಹಣ್ಣಿನ ಕೇಸರಿಬಾತು’ ಎನ್ನುತ್ತಾರೆ. ಮನೆಯಲ್ಲಿ ಹೀಗೆ ಮಾಡಿದ್ದನ್ನು ತಟ್ಟೆಯಲ್ಲಿ ಬಿಟ್ಟು ಏಳಬಹುದು, ಸಪಾದವನ್ನು ಬಿಡುವಂತಿಲ್ಲ. ಪೂಜೆಯ ಕಥೆಯಲ್ಲಿ, ಗಂಡ ಬಂದನೆಂಬ ಸಡಗರದಲ್ಲಿ ಪ್ರಸಾದ ಬಿಟ್ಟು ಓಡಿದ ಕಲಾವತಿಯ ಗಂಡನ ಹಡಗು ಮುಳುಗಿತು. ಗೊಲ್ಲರು ಕೊಟ್ಟದ್ದೆಂದು ಮುಟ್ಟದೆ ಹೋದ ತುಂಗಧ್ವಜ ರಾಜ ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡ. ಇಬ್ಬರಿಗೂ ಕಳೆದದ್ದು ಮರಳಿ ಸಿಕ್ಕಿದ್ದು ಪ್ರಸಾದ ತಿಂದ ಮೇಲೆಯೇ. ಒಂದು ತಿಂಡಿಗೆ ಇದಕ್ಕಿಂತ ಬಿಗಿಯಾದ ಜಾಹೀರಾತು ಇರಲಾರದು.

ಇನ್ನು ಬಾಣಲೆಯ ವಿಷಯ. ಈ ಪ್ರಸಾದದ ರುಚಿ ಹೋಟೆಲಿನ ಕೇಸರಿಬಾತಿಗೆ ಏಕೆ ಬರುವುದಿಲ್ಲ ಎಂದು ಕೇಳುವವರಿಗೆ ಉತ್ತರ ಹೆಸರಿನಲ್ಲೇ ಇದೆ. ಎಲ್ಲವೂ ಸಪಾದವೆಂದರೆ ಎಲ್ಲವೂ ಸಮಸಮ. ಒಂದೂಕಾಲು ಲೋಟ ರವೆಗೆ ಒಂದೂಕಾಲು ಲೋಟ ಸಕ್ಕರೆ, ಒಂದೂಕಾಲು ಲೋಟ ತುಪ್ಪ, ಹೆಚ್ಚಿದ ಬಾಳೆಹಣ್ಣೂ ಒಂದೂಕಾಲು ಲೋಟ. ತುಪ್ಪವನ್ನು ಚಮಚದಲ್ಲಿ ಎಣಿಸಿದವರಿಗೆ ಆ ಪರಿಮಳ ದಕ್ಕುವುದಿಲ್ಲ. ಹಾಲಿಗೆ ಮಾತ್ರ ಮನೆಯವರು ಸದ್ದಿಲ್ಲದೆ ರಿಯಾಯಿತಿ ಕೊಟ್ಟುಕೊಂಡಿದ್ದಾರೆ. ಸಮನಾಗಿ ಹಾಕಿದರೆ ರವೆ ಅರಳದೆ ಉದುರುದುರಾಗುತ್ತದೆ. ಆದ್ದರಿಂದ ಹಾಲು ಎರಡು ಪಟ್ಟು.

ರವೆಯನ್ನು ಅರ್ಧ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯಬೇಕು. ಬಾಳೆಹಣ್ಣನ್ನು ಅದೇ ತುಪ್ಪದಲ್ಲಿ ಬಾಡಿಸಿಕೊಂಡರೆ ಒಳ್ಳೆಯದು. ಹೆಚ್ಚಿದ ಹಣ್ಣು ಗಾಳಿಗೆ ಕಪ್ಪಾಗುವುದು ಅದರೊಳಗಿನ ಕಿಣ್ವದಿಂದ, ಬಿಸಿ ತಾಗಿದರೆ ಅದರ ಆಟ ನಿಲ್ಲುತ್ತದೆ. ಕುದಿಯುವ ಹಾಲು ಸುರಿದು ರವೆ ಪೂರ್ತಿ ಬೆಂದ ಮೇಲಷ್ಟೇ ಸಕ್ಕರೆ. ಮೊದಲೇ ಹಾಕಿದರೆ ನೀರಿನಂಶವನ್ನು ಸಕ್ಕರೆ ಹಿಡಿದುಕೊಂಡು ರವೆ ಗಟ್ಟಿಯಾಗಿ ಉಳಿಯುತ್ತದೆ. ಕೊನೆಗೆ ಉಳಿದ ತುಪ್ಪ, ಏಲಕ್ಕಿ, ಗೋಡಂಬಿ, ದ್ರಾಕ್ಷಿ. ಪುಟ್ಟಬಾಳೆಯಾದರೆ ಸಿಹಿ, ಹುಳಿ ಎರಡೂ ಹದವಾಗಿರುತ್ತವೆ. ನಂಜನಗೂಡು ರಸಬಾಳೆ ಸಿಕ್ಕವರು ಪುಣ್ಯವಂತರು.

ಅನಾನಸ್ ಏಕಾಗಬಾರದು ಎಂದು ಕೇಳಬಹುದು. ಆಗಬಹುದು, ಮದುವೆಮನೆಯ ಅನಾನಸ್ ಕೇಸರಿಬಾತಿಗೆ ಸೋಲದವರು ಯಾರು? ಆದರೆ ಅದನ್ನು ನೀರಿನಲ್ಲಿ ಮಾಡುತ್ತಾರೆ, ಹಾಲಿನಲ್ಲಿ ಅಲ್ಲ. ಅನಾನಸ್ಸಿನ ಹುಳಿ ಹಾಲನ್ನು ಒಡೆಯುತ್ತದೆ, ಹಸಿ ಹಣ್ಣಿನ ಬ್ರೊಮೆಲಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನೂ ಮುರಿದು ಕಹಿ ಮಾಡುತ್ತದೆ. ಬಾಳೆಹಣ್ಣು ಹಾಲಿನ ಜೊತೆ ಹಾಗೆ ಜಗಳವಾಡುವುದಿಲ್ಲ. ಪಟ್ಟಿ ಬರೆದವರಿಗೆ ಈ ರಸಾಯನ ತಿಳಿದಿತ್ತೆಂದು ಉಬ್ಬಿಸಿ ಹೇಳುವುದು ಬೇಡ. ಹಿತ್ತಲಲ್ಲಿ ವರ್ಷವಿಡೀ ಸಿಗುವ ಹಣ್ಣು ಹಾಲಿಗೂ ಹೊಂದಿತು, ಅಷ್ಟೇ.

ಈಗ ಸಕ್ಕರೆ ಅರ್ಧ, ತುಪ್ಪ ಕಾಲು ಹಾಕಿ ಮಾಡುವ ಆರೋಗ್ಯದ ಆವೃತ್ತಿಗಳು ಬಂದಿವೆ. ಮಾಡಿಕೊಳ್ಳಲಿ, ತಪ್ಪೇನಿಲ್ಲ. ಆದರೆ ಅದನ್ನು ಶಿರಾ ಎನ್ನಿ, ಕೇಸರಿಬಾತು ಎನ್ನಿ. ತುಪ್ಪದ ಒಂದೂಕಾಲನ್ನು ಕಾಲಿಗೆ ಇಳಿಸಿದ್ದಕ್ಕೆ ಸಪಾದ ಎಂದರೆ ಅದು ಸಪ್ಪೆ ಭಕ್ಷ್ಯ. ಮೈಗೆ ಹೆಚ್ಚಾಗುವುದಾದರೆ ಅಳತೆ ಕಡಿಮೆ ಮಾಡಬೇಡಿ, ತಿನ್ನುವ ತುತ್ತು ಕಡಿಮೆ ಮಾಡಿ. ಮಿಕ್ಕದ್ದನ್ನು ಅಕ್ಕಪಕ್ಕದ ಮನೆಗೆ ಕೊಟ್ಟು ಬನ್ನಿ.