ಪಾಮರ್ ಮನೆತನದ ಐಶ್ವರ್ಯ ಮತ್ತು ನಮ್ಮ ದೋಆಬ್ ಸೀಮೆ

ಪಾಳುಬಿದ್ದ ಕೋಟೆಯ ಬುರುಜಿನಡಿಯಲ್ಲಿ, ಹಳೆಯ ಛಾವಣಿಯ ಗೋರಿಗಳ ಕೆಳಗೆ ಬಿಳಿಯ ದೊರೆಗಳು ಹೊನ್ನನ್ನು ಹೂತಿಟ್ಟು ಹೋಗಿದ್ದಾರೆಂಬ ನಂಬಿಕೆ ರಾಯಚೂರು, ಮಾನವಿ, ದೇವದುರ್ಗದ ಕಡೆಯ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ನಿಧಿಯ ಆಸೆಗೆ ಸತ್ತವರ ನೆಮ್ಮದಿಯನ್ನು ಕೆಡಿಸಿದವರೂ ಉಂಟು. ವಿದ್ಯಾವಂತರಾದ ಮತ್ತೆ ಕೆಲವರು ಗುದ್ದಲಿ ಹಿಡಿಯುವುದಿಲ್ಲ. ಆದರೆ ತಮ್ಮ ಮುತ್ತಜ್ಜನದು ಫಿರಂಗಿ ಹೆಸರಾಗಿತ್ತೆಂಬ ಕಾರಣಕ್ಕೆ ವಿಲಾಯತಿಯ ಯಾವುದೋ ಬ್ಯಾಂಕಿನಲ್ಲಿ ತಮ್ಮ ಪಾಲಿನ ಹಣ ಕೂತಿದೆಯೆಂದು ಬಗೆದು, ಜ್ಞಾನಸ್ನಾನದ ಪ್ರಮಾಣಪತ್ರಕ್ಕಾಗಿ ಗುರುಗಳಿಗೆ ಕಾಗದ ಬರೆಯುತ್ತಾರೆ. ಜ್ಞಾನಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆತಾಯಿಗಳು, ಜ್ಞಾನ ತಂದೆತಾಯಿಗಳು, ದಿನಾಂಕ, ಗುರುಗಳ ರುಜು ಇರುತ್ತವೆ. ಆಸ್ತಿಯ ಲೆಕ್ಕಕ್ಕೆ ಅದರಲ್ಲಿ ಜಾಗವಿಲ್ಲ.

ಆ ಕಾಲದ ದೊರೆಗಳ ಹಣ ನಿಜವಾಗಿ ಏನಾಯಿತೆಂಬುದನ್ನು ತಿಳಿಯಲು ಒಂದು ಮನೆತನದ ಕಥೆಯೇ ಸಾಕು. ಅದು ನಡೆದುದು ಹೈದರಾಬಾದಿನಲ್ಲಿ. ಆದರೆ ಅದು ತೋರಿಸಿದ ಸಾಲದ ದಾರಿ ಕಡೆಗೆ ಕೃಷ್ಣಾ-ತುಂಗಭದ್ರೆಗಳ ನಡುವಣ ನಮ್ಮ ಹೊಲಗಳವರೆಗೂ ಬಂದಿತು.

ವಿಲಿಯಂ ಪಾಮರನು ಕಂಪನಿ ಸರ್ಕಾರದ ಸೇನಾಧಿಕಾರಿಯೊಬ್ಬನ ಮಗ. ತಾಯಿ ಫೈಜ್ ಬಕ್ಷ್ ಎಂಬ ಮುಸಲ್ಮಾನ ಬೇಗಂ. ಪಾಮರನೆಂಬ ಹೆಸರನ್ನು ಕೇಳಿ ನಮ್ಮವರು ನಗಬಹುದು. ವ್ಯವಹಾರದಲ್ಲಿ ಮಾತ್ರ ಆತ ಪಂಡಿತನೇ ಸರಿ. ಮೊದಲು ನಿಜಾಮನ ಸೈನ್ಯದಲ್ಲಿದ್ದು, ಅನಂತರ ಅದನ್ನು ಬಿಟ್ಟು, 1814ರ ವೇಳೆಗೆ ಹೈದರಾಬಾದಿನಲ್ಲಿ ಪಾಮರ್ ಅಂಡ್ ಕಂಪನಿ ಎಂಬ ಸಾಹುಕಾರಿ ಕೋಠಿಯನ್ನು ತೆರೆದನು. ಗುಜರಾತಿ ಸಾಹುಕಾರರೂ ಇಂಗ್ಲಿಷರೂ ಅದರಲ್ಲಿ ಹಣ ತೊಡಗಿಸಿದರು. ದೇಶೀಯ ರಾಜರಿಗೆ ಬ್ರಿಟಿಷ್ ಪ್ರಜೆಗಳು ಸಾಲ ಕೊಡಬಾರದೆಂದು ಪಾರ್ಲಿಮೆಂಟಿನ ಕಾಯಿದೆಯೇ ಇತ್ತು. ಗವರ್ನರ್ ಜನರಲ್ ಮಾರ್ಕ್ವಿಸ್ ಹೇಸ್ಟಿಂಗ್ಸನು 1816ರಲ್ಲಿ ಈ ಕೋಠಿಗೆ ವಿಶೇಷ ಅನುಮತಿ ಕೊಟ್ಟನು. ಕೋಠಿಯ ಪಾಲುದಾರರಲ್ಲೊಬ್ಬನಾದ ಸರ್ ವಿಲಿಯಂ ರಂಬೋಲ್ಡನು ಹೇಸ್ಟಿಂಗ್ಸನ ಪಾಲನೆಯಲ್ಲಿ ಬೆಳೆದ ತರುಣಿಯ ಗಂಡ. ಇಷ್ಟು ಹೇಳಿದರೆ ಓದುಗರಿಗೆ ಉಳಿದುದು ಅರ್ಥವಾದೀತು.

ಸಾಲ ತೆಗೆದುಕೊಂಡವನು ನಿಜಾಮ. ತೆಗೆಸಿದವನು ಅವನ ಮಂತ್ರಿ ಚಂದೂಲಾಲ. ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಪಡೆಗಳಿಗೆ ತಿಂಗಳು ತಿಂಗಳು ಸಂಬಳ ಕೊಡಬೇಕಾಗಿದ್ದುದರಿಂದ ಬೊಕ್ಕಸ ಸದಾ ಬರಿದು. ಬಡ್ಡಿಯ ದರ ಒಮ್ಮೊಮ್ಮೆ ನೂರಕ್ಕೆ ಇಪ್ಪತ್ತನ್ನು ಮೀರುತ್ತಿತ್ತು. ಅಸಲು-ಬಡ್ಡಿಗಳಿಗಾಗಿ ಪರಗಣೆಗಳ ಕಂದಾಯವನ್ನೇ ಬರೆದುಕೊಡಲಾಗುತ್ತಿತ್ತು. ಕಂದಾಯ ಎತ್ತುವ ಹಕ್ಕನ್ನು ಇಜಾರೆಗೆ ಹಿಡಿದ ತಾಲ್ಲೂಕುದಾರನು ಮುಂಗಡ ಕೊಡಲು ತಾನೂ ಸಾಲ ಮಾಡುತ್ತಿದ್ದನು. ಬಡ್ಡಿಯ ಮೇಲೆ ಬಡ್ಡಿ ಏರಿ, ಕಡೆಗೆ ಅದು ಇಳಿಯುತ್ತಿದ್ದುದು ಎರೆ ಭೂಮಿಯಲ್ಲಿ ಜೋಳ ಬಿತ್ತುವವನ ಬೆನ್ನಿನ ಮೇಲೆ. 1800ರಲ್ಲಿ ಕಂಪನಿಯ ವಶವಾದ ತುಂಗಭದ್ರೆಯ ಆಚೆ ದಡದ ಬಳ್ಳಾರಿಯಲ್ಲಿ ಮನ್ರೋ ಸಾಹೇಬನು ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡಿದ ಕಾಲವದು. ಈಚೆ ದಡದವರಿಗೆ ಆ ಭಾಗ್ಯ ಬರಲಿಲ್ಲ.

ಬಡ್ಡಿಯ ವಿಷಯದಲ್ಲಿ ನಮ್ಮ ಧರ್ಮಸಭೆಯ ಮಾತು ಆಗಲೇ ಹಳೆಯದಾಗಿತ್ತು. 1745ರಲ್ಲಿ ಜಗದ್ಗುರು 14ನೆಯ ಬೆನೆಡಿಕ್ಟರು ಇಟಲಿಯ ಧರ್ಮಾಧ್ಯಕ್ಷರಿಗೆ ಬರೆದ ‘ವಿಕ್ಸ್ ಪೆರ್ವೇನಿತ್’ ಎಂಬ ಪತ್ರದಲ್ಲಿ, ಸಾಲ ಕೊಟ್ಟೆನೆಂಬ ಒಂದೇ ಕಾರಣಕ್ಕೆ ಕೊಟ್ಟುದಕ್ಕಿಂತ ಹೆಚ್ಚು ಕೇಳುವುದು ಪಾಪವೆಂದೂ, ನಷ್ಟದ ಭಯ ಮೊದಲಾದ ಬೇರೆ ನ್ಯಾಯವಾದ ಕಾರಣಗಳಿದ್ದರೆ ಮಾತು ಬೇರೆಯೆಂದೂ ವಿವರಿಸಿದ್ದರು. ಪಾಮರನ ಪಕ್ಷದವರು ನಷ್ಟದ ಭಯವನ್ನೇ ಮುಂದೊಡ್ಡಿಯಾರು. ಆದರೆ ಸರ್ಕಾರದ ಬೆಂಬಲವನ್ನೂ ಕಂದಾಯದ ಒತ್ತೆಯನ್ನೂ ಜೊತೆಗಿಟ್ಟುಕೊಂಡವನಿಗೆ ಎಷ್ಟು ಭಯವಿದ್ದೀತು?

1820ರಲ್ಲಿ 60 ಲಕ್ಷ ರೂಪಾಯಿಗಳ ಹೊಸ ಸಾಲಕ್ಕೆ ಕಲ್ಕತ್ತೆಯ ಒಪ್ಪಿಗೆ ದೊರೆಯಿತು. ಅದೇ ವರ್ಷ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್‌ಕಾಫನು ಲೆಕ್ಕಗಳನ್ನು ಕೆದಕಿ ನೋಡಿ, ಈ 60 ಲಕ್ಷದಲ್ಲಿ ಬಹುಭಾಗ ಹಳೆಯ ಬಾಕಿಯನ್ನೇ ಹೊಸದಾಗಿ ಬರೆದುಕೊಂಡುದೆಂದು ವರದಿಮಾಡಿದನು. ಹೇಸ್ಟಿಂಗ್ಸನಿಗೆ ಇದು ಹಿಡಿಸಲಿಲ್ಲ. ಆದರೂ ಮೆಟ್‌ಕಾಫನು ಹಿಂದೆಗೆಯಲಿಲ್ಲ. 1823ರಲ್ಲಿ ಹೇಸ್ಟಿಂಗ್ಸನು ಹಿಂದಿರುಗಿದ ಮೇಲೆ, ಕಂಪನಿ ಸರ್ಕಾರವು ಉತ್ತರ ಸರ್ಕಾರುಗಳಿಗಾಗಿ ನಿಜಾಮನಿಗೆ ವರ್ಷವರ್ಷವೂ ಕೊಡಬೇಕಾಗಿದ್ದ 7 ಲಕ್ಷ ರೂಪಾಯಿಗಳ ಪೇಷ್ಕಷನ್ನು ಶಾಶ್ವತವಾಗಿ ವಜಾಮಾಡಿಕೊಂಡು, ಅದಕ್ಕೆ ಬದಲಾಗಿ ಒಂದೇ ಗಂಟಿನಲ್ಲಿ ಸುಮಾರು 1 ಕೋಟಿ 16 ಲಕ್ಷ ರೂಪಾಯಿಗಳನ್ನು ಕೊಟ್ಟು ಪಾಮರನ ಸಾಲ ತೀರಿಸಲು ಏರ್ಪಾಡುಮಾಡಿತು. ರಾಜ್ಯದ ಶಾಶ್ವತ ವರಮಾನವೊಂದು ಹೀಗೆ ಒಂದು ಕೋಠಿಯ ಲೆಕ್ಕಕ್ಕೆ ಕರಗಿತು. ಆದರೂ ಕೋಠಿ ಉಳಿಯಲಿಲ್ಲ. ಮರುವರ್ಷ, 1824ರಲ್ಲಿ, ದಿವಾಳಿಯೆದ್ದಿತು. ಠೇವಣಿ ಇಟ್ಟವರೂ ಅದರೊಡನೆ ಮುಳುಗಿದರು. ಕಲ್ಕತ್ತೆಯಲ್ಲಿ ವ್ಯಾಪಾರಿಗಳ ರಾಜಕುಮಾರನೆನಿಸಿದ್ದ ವಿಲಿಯಮನ ಮಲಸೋದರ ಜಾನ್ ಪಾಮರನ ಕೋಠಿಯೂ 1830ರಲ್ಲಿ ಕುಸಿಯಿತು. ಅದರ ಬೆನ್ನಿಗೇ ಆ ನಗರದ ದೊಡ್ಡ ದೊಡ್ಡ ಏಜೆನ್ಸಿ ಕೋಠಿಗಳು ಒಂದೊಂದಾಗಿ ಬಿದ್ದವು. ಹೂತಿಡಲು ಅಲ್ಲಿ ಉಳಿದುದೇನು? ಕೊಟ್ಟವರ ಹೆಸರು, ಪಡೆದವರ ಹೆಸರು ಬರೆದ ಕಾಗದಗಳು ಮಾತ್ರ.

ವಿಲಿಯಂ ಪಾಮರನು ಇಂಗ್ಲೆಂಡಿಗೆ ಹೋಗಲಿಲ್ಲ. ದಿವಾಳಿಯ ಅನಂತರ ನಲವತ್ತಕ್ಕೂ ಮಿಕ್ಕಿ ವರ್ಷ ಹೈದರಾಬಾದು ಸೀಮೆಯಲ್ಲೇ ಬದುಕಿ 1867ರಲ್ಲಿ ತೀರಿಕೊಂಡನು. ಅವನ ಮಗಳನ್ನು 1832ರಲ್ಲಿ ವರಿಸಿದವನು ಮೆಡೋಸ್ ಟೇಲರ್. ಮುಂದೆ ಸುರಪುರದಲ್ಲಿ ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಿಕೊಂಡು ನಮ್ಮ ಜನರ ಬಾಯಲ್ಲಿ ‘ಟೇಲರ್ ಸಾಹೇಬ’ನಾದವನು. ಈ ಅಳಿಯನು ಭಾರತಕ್ಕೆ ಬಂದುದೂ 1824ರಲ್ಲಿಯೇ, ಮುಂಬಯಿಯ ವರ್ತಕನೊಬ್ಬನ ಪಾಲುದಾರನಾಗುವ ಆಸೆಯಿಂದ. ಬಂದು ನೋಡಿದರೆ ಆ ವರ್ತಕನೂ ಸಾಲದಲ್ಲಿ ಮುಳುಗಿದ್ದನು. ವಿಧಿಯಿಲ್ಲದೆ ನಿಜಾಮನ ಸೈನ್ಯವನ್ನು ಸೇರಿದನು.

ಪಾಮರನು ಹೋದರೂ ಸಾಲ ಹೋಗಲಿಲ್ಲ. ಹೈದರಾಬಾದ್ ಕಂಟಿಂಜೆಂಟ್ ಎಂಬ ಆ ಪಡೆಯ ಖರ್ಚು ವರ್ಷಕ್ಕೆ ಸುಮಾರು 40 ಲಕ್ಷ. ಈ ಸಲ ಸಾಲಿಗನಾಗಿ ನಿಂತುದು ಸ್ವತಃ ಕಂಪನಿ ಸರ್ಕಾರ. ಡಾಲ್‌ಹೌಸಿಯು ಒತ್ತಾಯಿಸಿದಾಗ, 1853ರ ಮೇ ತಿಂಗಳ ಒಪ್ಪಂದದಲ್ಲಿ ನಿಜಾಮನು ಬೇರಾರ್, ನಳದುರ್ಗ, ರಾಯಚೂರು ದೋಆಬ್‌ಗಳನ್ನು ಕಂಪನಿಗೆ ವಹಿಸಿಕೊಟ್ಟನು. ಹೀಗೆ ಕುರ್ಡಿಯ ರೈತನು ತಾನು ಮಾಡದ ಸಾಲಕ್ಕೆ ತನ್ನ ಹೊಲವೇ ಒತ್ತೆಯಾಗಿ, ಹೈದರಾಬಾದಿನ ಬದಲು ಇಂಗ್ಲಿಷರ ಖಜಾನೆಗೆ ಕಂದಾಯ ಕಟ್ಟಿದನು. 1857ರ ದಂಗೆಯಲ್ಲಿ ನಿಜಾಮ ಸರ್ಕಾರವು ಇಂಗ್ಲಿಷರ ಪಕ್ಷದಲ್ಲಿ ನಿಂತುದರಿಂದ 1860ರಲ್ಲಿ 50 ಲಕ್ಷ ರೂಪಾಯಿಗಳ ಬಾಕಿ ಮನ್ನಾ ಆಯಿತು. ದೋಆಬೂ ನಳದುರ್ಗವೂ ಹಿಂದಕ್ಕೆ ಬಂದವು. ದಂಗೆಯ ಅನಂತರ ನಾಯಕರ ಕೈತಪ್ಪಿದ್ದ ಸುರಪುರವೂ ನಿಜಾಮನಿಗೆ ಸೇರಿತು. ಬೇರಾರ್ ಮಾತ್ರ ಇಂಗ್ಲಿಷರಲ್ಲಿಯೇ ಉಳಿಯಿತು. ಟೇಲರನು ಅದೇ 1860ರಲ್ಲಿ ಆರೋಗ್ಯ ಕೆಟ್ಟು ಊರಿಗೆ ಹೊರಟನು.

ಈ ನಡುವೆ, 1853ರ ಒಪ್ಪಂದವಾದ ಕೆಲವೇ ದಿನಗಳಲ್ಲಿ ಇಪ್ಪತ್ತನಾಲ್ಕರ ತರುಣ ಸಾಲಾರ್ ಜಂಗನು ನಿಜಾಮನ ದಿವಾನನಾಗಿದ್ದನು. ಕಂದಾಯವನ್ನು ಇಜಾರೆಗೆ ಕೊಡುವ ಪದ್ಧತಿಯನ್ನು ಆತ ಕ್ರಮಕ್ರಮವಾಗಿ ತೆಗೆದುಹಾಕಿದನು. ಹಿಂದಿರುಗಿ ಬಂದ ದೋಆಬ್ ಸೀಮೆಗೆ ಆಮೇಲೆ ಬಂದ ತಾಲ್ಲೂಕುದಾರನು ಗುತ್ತಿಗೆ ಹಿಡಿದವನಲ್ಲ, ಸಂಬಳದ ನೌಕರ.