ದಿವಾನರ ಎದುರು ಎದ್ದು ನಿಂತ ರೈತ ಸದಸ್ಯರು

ಸಂಘದ ಇಪ್ಪತ್ತೈದು ವರ್ಷದ ಜಮಾಖರ್ಚು, ಷೇರು, ಠೇವಣಿಗಳ ವಿವರ ಈ ಸಂಚಿಕೆಯ ಬೇರೆ ಪುಟಗಳಲ್ಲಿದೆ. ಇಲ್ಲಿ ಸದಸ್ಯ ಬಾಂಧವರ ಮುಂದೆ ನಾವು ಇಡುತ್ತಿರುವುದು ಬೇರೊಂದು ಸಭೆಯ ಚರಿತ್ರೆ. ನೂರನಲವತ್ತು ವರ್ಷಕ್ಕೂ ಹಿಂದೆ ನಮ್ಮ ಹಾಗೇ ಹೊಲ ಗದ್ದೆ ಮಾಡಿಕೊಂಡಿದ್ದ ಜನ ಮೈಸೂರಿಗೆ ಹೋಗಿ ದಿವಾನರ ಎದುರು ಕೂತು ಬಂದ ಕಥೆ ಅದು. ಸದಸ್ಯ ಅಂದರೆ ಯಾರು, ಅವನ ಕೆಲಸ ಏನು ಅನ್ನೋದನ್ನು ತಿಳಿಯಲು ಈ ಚರಿತ್ರೆ ಉಪಯುಕ್ತವೆಂದು ನಮ್ಮ ಭಾವನೆ.

1831ರಿಂದ ಐವತ್ತು ವರ್ಷ ಮೈಸೂರು ಸೀಮೆಯ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. 1881ನೇ ಮಾರ್ಚ್ 25ರಂದು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಕ್ಕೆ ಕೊಟ್ಟರು. ಶ್ರೀ ಸಿ. ರಂಗಾಚಾರ್ಲು ಅವರು ದಿವಾನರಾದರು. ರಾಜ್ಯ ಕೈಗೆ ಬಂತು ನಿಜ, ಆದರೆ ಬಂದ ರಾಜ್ಯದ ಸ್ಥಿತಿ ಹೇಗಿತ್ತು? 1876-78ರ ಘೋರ ಕ್ಷಾಮ ಊರೂರನ್ನೇ ಗುಡಿಸಿ ಹಾಕಿತ್ತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಕೆರೆ ಒಡೆದಿದ್ದವು, ದನಕರು ಸತ್ತಿದ್ದವು, ರೈತನ ತಲೆ ಮೇಲೆ ಸಾಲ ಇತ್ತು.

ಇಂಥ ಕಾಲದಲ್ಲಿ ರಂಗಾಚಾರ್ಲು ಅವರು ಒಂದು ಹೊಸ ಏರ್ಪಾಟು ಮಾಡಿದರು. 1881ರ ಆಗಸ್ಟ್ 25ರಂದು ಸರ್ಕಾರದ ಆಜ್ಞೆ ಹೊರಟಿತು. ಅದರಂತೆ ಪ್ರತಿ ತಾಲ್ಲೂಕಿನಿಂದ ತಿಳುವಳಿಕೆಯೂ ಜನರಲ್ಲಿ ವರ್ಚಸ್ಸೂ ಉಳ್ಳ ಒಬ್ಬರೋ ಇಬ್ಬರೋ ರೈತರನ್ನು, ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಮುಖ್ಯ ವರ್ತಕರನ್ನು ಲೋಕಲ್ ಫಂಡ್ ಬೋರ್ಡಿನವರು ಆರಿಸಿ ಕಳಿಸಬೇಕು. ಸರ್ಕಾರ ಏನು ಮಾಡ್ತಿದೆ, ಯಾಕೆ ಮಾಡ್ತಿದೆ ಎಂಬುದು ಅವರ ಮೂಲಕ ಜನಕ್ಕೆ ತಿಳಿಯಬೇಕು. ಜನರ ಕಷ್ಟ ಸರ್ಕಾರಕ್ಕೆ ತಿಳಿಯಬೇಕು. ಹೀಗೆ ಹುಟ್ಟಿದ್ದೇ ಮೈಸೂರು ಪ್ರಜಾಪ್ರತಿನಿಧಿ ಸಭೆ. ಅದೇ ವರ್ಷ ದಸರೆಯ ಸಮಯದಲ್ಲಿ, ಅಕ್ಟೋಬರ್ 7ರಂದು, 144 ಸದಸ್ಯರೊಂದಿಗೆ ಮೊದಲ ಅಧಿವೇಶನ ನಡೆಯಿತು. ಬೆಂಗಳೂರು-ಮೈಸೂರು ರೈಲು ದಾರಿ ಪೂರಾ ಆದದ್ದು 1882ರಲ್ಲಿ. ಆದ್ದರಿಂದ ಆ ಮೊದಲ ಸಭೆಗೆ ದೂರದ ತಾಲ್ಲೂಕುಗಳವರಿಗೆ ಎತ್ತಿನ ಗಾಡಿಯ ದಾರಿಯೇ ಗತಿ.

ಅಷ್ಟು ದೂರ ಹೋದ ಸದಸ್ಯನಿಗೆ ಇದ್ದ ಅಧಿಕಾರ ಎಷ್ಟು? ನೇರವಾಗಿ ಹೇಳುವುದಾದರೆ, ಏನೂ ಇರಲಿಲ್ಲ. ಕಾನೂನು ಮಾಡುವ ಹಾಗಿಲ್ಲ, ಕಂದಾಯದಲ್ಲಿ ಒಂದು ಕಾಸು ಇಳಿಸುವ ಹಾಗಿಲ್ಲ, ಓಟು ಹಾಕಿ ಸರ್ಕಾರದ ತೀರ್ಮಾನ ಬದಲಿಸುವ ಹಾಗಿಲ್ಲ. ದಿವಾನರು ರಾಜ್ಯದ ಆದಾಯ ವೆಚ್ಚವನ್ನೂ ವರ್ಷದ ಕೆಲಸವನ್ನೂ ಓದಿ ಹೇಳುವರು; ಸದಸ್ಯರು ಕೇಳಿಸಿಕೊಂಡು ತಮ್ಮ ತಾಲ್ಲೂಕಿನ ಬಿನ್ನಹ ಹೇಳುವರು. ಕೆರೆ ರಿಪೇರಿ, ಕಂದಾಯದ ಭಾರ, ರಸ್ತೆ, ಸ್ಕೂಲು, ಕಾಡಿನಲ್ಲಿ ಸೌದೆ ಸೊಪ್ಪಿಗೂ ದನ ಮೇಯಿಸುವುದಕ್ಕೂ ಇದ್ದ ಕಟ್ಟುಪಾಡು, ಇವೇ ವಿಷಯಗಳು. ಇದು ಹಲ್ಲಿಲ್ಲದ ಸಭೆ ಅಂತ ಆಡಿಕೊಂಡವರು ಇಲ್ಲದೆ ಇರಲಿಲ್ಲ.

ಆದರೆ ಆ ಕಾಲದಲ್ಲಿ ಬೇರೆ ಕಡೆ ಹೇಗಿತ್ತೆಂದು ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. ಧಾರವಾಡ, ಬೆಳಗಾವಿ ಕಡೆಯವರು ಮುಂಬಯಿ ಪ್ರಾಂತಕ್ಕೆ, ಬಳ್ಳಾರಿ, ಮಂಗಳೂರು ಕಡೆಯವರು ಮದರಾಸು ಪ್ರಾಂತಕ್ಕೆ ಸೇರಿದ್ದರು. ಆ ಪ್ರಾಂತಗಳಲ್ಲಿ 1861ರ ಕಾಯಿದೆಯ ಪ್ರಕಾರ ಶಾಸನ ಸಭೆಗಳಿದ್ದವು. ಅಧಿಕಾರಿಗಳಲ್ಲದ ಕೆಲವೇ ಸದಸ್ಯರನ್ನು ಗವರ್ನರೇ ನೇಮಿಸುತ್ತಿದ್ದರು. ಮುಂದಿಟ್ಟ ಮಸೂದೆ ಬಿಟ್ಟು ಬೇರೆ ಮಾತಿಗೆ ಅವಕಾಶವಿರಲಿಲ್ಲ. ಪ್ರಶ್ನೆ ಕೇಳುವ ಹಾಗೂ ಇರಲಿಲ್ಲ. ಪ್ರಶ್ನೆ ಕೇಳಲು, ಆಯವ್ಯಯದ ಮೇಲೆ ಮಾತಾಡಲು ಅಲ್ಲಿನ ಸದಸ್ಯರಿಗೆ ಹಕ್ಕು ಬಂದದ್ದು 1892ರ ಕಾಯಿದೆಯಿಂದ. ಆಗಲೂ ಆಯವ್ಯಯದ ಮೇಲೆ ಓಟಿಲ್ಲ. ಮೈಸೂರಿನ ರೈತ 1881ರಲ್ಲೇ ರಾಜ್ಯದ ಲೆಕ್ಕ ಕೇಳಿಸಿಕೊಂಡು ಬಂದಿದ್ದ.

ರಂಗಾಚಾರ್ಲು ಅವರು 1883ರಲ್ಲಿ ತೀರಿಕೊಂಡರು. ಅವರ ನಂತರ ಬಂದ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರ ಹೊತ್ತಿಗೆ, ಸದಸ್ಯರನ್ನು ಚುನಾವಣೆಯಿಂದ ಆರಿಸುವ ಪದ್ಧತಿ ಬಂತು. ಆದರೆ ಎಲ್ಲರಿಗೂ ಅಲ್ಲ. ತಾಲ್ಲೂಕಿಗೆ ತಕ್ಕಂತೆ ವರ್ಷಕ್ಕೆ 100ರಿಂದ 300 ರೂಪಾಯಿ ಕಂದಾಯ ಕಟ್ಟುವವರು, ಇಲ್ಲವೆ 13ರಿಂದ 17 ರೂಪಾಯಿ ಮೊಹತರ್ಫಾ ತೆರಿಗೆ ಕೊಡುವವರು, 500 ರೂಪಾಯಿ ಬೇರೀಜಿನ ಇನಾಂ ಗ್ರಾಮ ಉಳ್ಳವರು, ಆಸ್ತಿಯಿಂದ 500 ರೂಪಾಯಿ ವರಮಾನ ಇರುವ ಪದವೀಧರರು, ಇಂಥವರಿಗೆ ಮಾತ್ರ. ಆ ಕಾಲದ ನೂರು ರೂಪಾಯಿ ಕಂದಾಯ ಅಂದರೆ ದೊಡ್ಡ ಹಿಡುವಳಿ. ಒಂದೆರಡು ಎಕರೆಯವನು, ಗೇಣಿಗೆ ಮಾಡುವವನು, ಕೂಲಿಯವನು, ಹೆಣ್ಣುಮಕ್ಕಳು ಎಲ್ಲಾ ಹೊರಗೇ. ಸಭೆ ಪ್ರಜೆಗಳ ಹೆಸರಿನದು, ಬಾಗಿಲು ಮಾತ್ರ ಉಳ್ಳವರಿಗೆ. ಈ ಮಾತನ್ನು ಮುಚ್ಚಿಟ್ಟು ಬರೀ ಹೊಗಳಿಕೆ ಬರೆದರೆ ಅದು ಚರಿತ್ರೆ ಆಗೋಲ್ಲ.

ಹಾಗಿದ್ದರೂ ಸಭೆ ವ್ಯರ್ಥವಾಗಲಿಲ್ಲ. ಬಾಲ್ಯವಿವಾಹದ ವಿಷಯ ಅಲ್ಲಿ ಚರ್ಚೆಗೆ ಬಂತು. 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ನಿಷೇಧಿಸಿ ಕಾನೂನಾಯಿತು. ರೈತರ ಸಾಲದ ತೊಂದರೆಗಾಗಿ ಸರ್ಕಾರ ಅದೇ ವರ್ಷ ವ್ಯವಸಾಯ ಬ್ಯಾಂಕುಗಳ ಯೋಜನೆ ತಂದಿತು. ಅದು ಹೆಚ್ಚು ಫಲ ಕೊಡಲಿಲ್ಲ. ಆದರೆ 1905ರಲ್ಲಿ ಮೈಸೂರಿನಲ್ಲಿ ಸಹಕಾರ ಸಂಘಗಳ ಕಾನೂನು ಬಂತು. ಅದೇ ವರ್ಷ ಮುಂಬಯಿ ಪ್ರಾಂತದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿದರು. ಇನ್ನು ಪ್ರಜಾಪ್ರತಿನಿಧಿ ಸಭೆಗೆ 1923ರಲ್ಲಿ ಶಾಸನದ ಬೆಂಬಲ ದೊರೆಯಿತು, ಸ್ತ್ರೀಯರಿಗಿದ್ದ ಅಡ್ಡಿಯೂ ಹೋಯಿತು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಸಭೆ ಮುಕ್ತಾಯವಾಯಿತು.

ಈಗ ನಮ್ಮ ಸಂಘದ ಕಡೆ ನೋಡೋಣ. ಇಲ್ಲಿ ಒಂದು ಷೇರು ಇದ್ದವರಿಗೂ ಒಂದೇ ಓಟು, ನೂರು ಷೇರು ಇದ್ದವರಿಗೂ ಒಂದೇ ಓಟು. ನೂರು ರೂಪಾಯಿ ಕಂದಾಯದ ಮಾತಿಲ್ಲ. ಹೆಣ್ಣು ಗಂಡೆಂಬ ಭೇದವಿಲ್ಲ. ಲೆಕ್ಕ ಒಪ್ಪುವುದೂ ಬಿಡುವುದೂ ಸದಸ್ಯರದೇ. ಅಂದಿನ ಸದಸ್ಯನಿಗೆ ಕೇಳುವ ಹಕ್ಕು ಮಾತ್ರ ಇತ್ತು, ಅದಕ್ಕಾಗಿ ಅವನು ಗಾಡಿ ಕಟ್ಟಿಕೊಂಡು ಹೋದ. ನಮಗೆ ತೀರ್ಮಾನಿಸುವ ಹಕ್ಕೇ ಇದೆ. ಆದರೂ ವಾರ್ಷಿಕ ಮಹಾಸಭೆಗೆ ಬಂದು ಪುಸ್ತಕಕ್ಕೆ ರುಜು ಹಾಕಿ, ಅಢಾವೆ ಪತ್ರಿಕೆಯನ್ನು ಮಡಿಸಿ ಜೇಬಿಗಿಟ್ಟು ಹೊರಡುವವರೇ ನಮ್ಮಲ್ಲಿ ಜಾಸ್ತಿ. ಕೇಳುವವರಿಲ್ಲದ ಲೆಕ್ಕ ಎಷ್ಟು ದಿನ ನೆಟ್ಟಗಿದ್ದೀತು?

ಬರುವ ಮಹಾಸಭೆಯಲ್ಲಿ ಸದಸ್ಯರೆಲ್ಲರೂ ಅಢಾವೆ ಪತ್ರಿಕೆ ಓದಿಕೊಂಡು ಬರಲಿ, ತಿಳಿಯದ್ದನ್ನು ಎದ್ದು ನಿಂತು ಕೇಳಲಿ ಎಂಬುದೇ ಈ ಶುಭ ಸಂದರ್ಭದಲ್ಲಿ ನಮ್ಮ ವಿನಂತಿ.