ಹತ್ತು ಫೋಟೋ ಆರಿಸೋದು, ಹೆಸರು ಬರೆಯೋದು

ಈ ಸಲದ ಮಾತು ವಿಲೆ ಪಾರ್ಲೆಯಿಂದ. ನಿಮ್ಮಲ್ಲಿ ಬಹಳ ಜನ ಶನಿವಾರ, ಭಾನುವಾರ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಹೊರಡೋರು. ಹಾರ್ಡ್ ಡಿಸ್ಕ್ ತುಂಬ ಸಾವಿರಾರು ಫೋಟೋ ಇವೆ, ಒಳ್ಳೇವನ್ನ ಆರಿಸಿ ಪೋರ್ಟ್‌ಫೋಲಿಯೋ ಮಾಡೋದು ಹೇಗೆ ಅನ್ನೋದು ನಿಮ್ಮ ಪ್ರಶ್ನೆ. ನಾನು ಫೋಟೋಗ್ರಫಿ ಮೇಷ್ಟ್ರಲ್ಲ, ಇತಿಹಾಸದ ಹುಚ್ಚಿನವನು. ಹಾಗಾಗಿ ಇದೇ ಮುಂಬಯಿಯಲ್ಲಿ ಹಿಂದೆ ಯಾರು ಏನನ್ನ ಆರಿಸಿದ್ರು ಅಂತ ಹೇಳ್ತೀನಿ.

ಪಾರ್ಲೆಯಿಂದ ಹೊರಟು ಇಡೀ ದೇಶ ನೋಡಿದ ಒಂದು ಮುಖ ಇದೆ: ಬಿಸ್ಕತ್ತು ಪೊಟ್ಟಣದ ಮೇಲಿನ ಮಗು. ಕಂಪನಿ ಇಲ್ಲಿ 1929ರಲ್ಲಿ ಶುರುವಾಯ್ತು, ಊರಿನ ಹೆಸರನ್ನೇ ಇಟ್ಕೊಂಡಿತು. ಇಲ್ಲಿದ್ದ ಹಳೇ ಕಾರ್ಖಾನೆ 2016ರಲ್ಲಿ ಮುಚ್ಚಿತು. ಆ ಮಗು ಚಿಕ್ಕಂದಿನ ಸುಧಾ ಮೂರ್ತಿಯವರು ಅನ್ನೋ ವಾಟ್ಸಾಪ್ ಫಾರ್ವರ್ಡ್ ನಿಮಗೂ ಬಂದಿರಬೇಕು. ಕಂಪನಿಯವರೇ ಹೇಳಿರೋ ಪ್ರಕಾರ ಅದು ಫೋಟೋನೇ ಅಲ್ಲ. 1960ರ ದಶಕದಲ್ಲಿ ಎವರೆಸ್ಟ್ ಜಾಹೀರಾತು ಸಂಸ್ಥೆಯ ಕಲಾವಿದ ಮಗನ್‌ಲಾಲ್ ದೈಯಾ ಬರೆದ ಚಿತ್ರ. ಆದ್ರೂ ಫಾರ್ವರ್ಡ್ ನಿಂತಿಲ್ಲ. ಹೆಸರಿಲ್ಲದ ಮುಖ ಸಿಕ್ಕಿದ್ರೆ ಜನ ಸುಮ್ನೆ ಬಿಡೋಲ್ಲ, ತಮಗೆ ಬೇಕಾದ ಹೆಸರು ಅಂಟಿಸ್ತಾರೆ.

ಈಗ ಹಿಂದಕ್ಕೆ ಹೋಗೋಣ. 1854ರಲ್ಲಿ ಬಾಂಬೆ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಲಂಡನ್ನಿನ ಸೊಸೈಟಿ, ಅಂದ್ರೆ ಈಗಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ, ಹುಟ್ಟಿ ಆಗ ಒಂದೇ ವರ್ಷ. 1856ರ ಕೊನೆಯಲ್ಲಿ ವಿಲಿಯಂ ಜಾನ್ಸನ್, ವಿಲಿಯಂ ಹೆಂಡರ್ಸನ್ ಅನ್ನೋ ಇಬ್ಬರು ಇಲ್ಲಿಂದ ಒಂದು ಮಾಸಿಕ ಆಲ್ಬಂ ತಂದ್ರು: 'ಇಂಡಿಯನ್ ಅಮೆಚೂರ್ಸ್ ಫೋಟೋಗ್ರಾಫಿಕ್ ಆಲ್ಬಂ'. ಒಟ್ಟು 24 ಸಂಚಿಕೆ ಬಂತು. ಒಂದೊಂದು ಸಂಚಿಕೆಯಲ್ಲಿ ಎಷ್ಟು ಫೋಟೋ ಗೊತ್ತಾ? ಮೂರು. ಅಚ್ಚು ಮಾಡಿದ್ದಲ್ಲ, ಒಂದೊಂದೂ ಕೈಯಲ್ಲಿ ಪ್ರಿಂಟ್ ಹಾಕಿ ಅಂಟಿಸಿದ್ದು. ತಿಂಗಳಿಗೆ ಮೂರೇ ಅಂದ್ಮೇಲೆ ಯಾವುದನ್ನ ಬಿಡಬೇಕು ಅನ್ನೋದೇ ದೊಡ್ಡ ಕೆಲಸ ಆಗಿರುತ್ತೆ. ನಾವು ಒಂದು ಸೂರ್ಯಾಸ್ತಕ್ಕೆ ನಲವತ್ತು ಸಲ ಒತ್ತೋರು.

ಆದ್ರೆ ಈ ಜಾನ್ಸನ್ ಮುಂದೆ ಮಾಡಿದ ಕೆಲಸ ನನಗೆ ಸ್ವಲ್ಪ ಕಸಿವಿಸಿ ತರುತ್ತೆ. 1863 ಮತ್ತು 1866ರಲ್ಲಿ ಮುಂಬಯಿಯ ಜನರ ಬಗ್ಗೆ ಎರಡು ಸಂಪುಟ ತಂದ. ಜನರನ್ನ ಸ್ಟುಡಿಯೋದಲ್ಲಿ ಕೂರಿಸಿ ಫೋಟೋ ತೆಗೆದು, ಕತ್ತರಿಸಿ, ಬೇರೆ ಕಡೆ ತೆಗೆದ ಊರು, ರಸ್ತೆ, ಕಟ್ಟಡಗಳ ದೃಶ್ಯದ ಮೇಲೆ ಕೂಡಿಸಿದ್ದಾನೆ. ಫೋಟೋಶಾಪ್ ಅಂತ ಬೇಕಾದ್ರೆ ಅನ್ನಿ! ಅದು ನನ್ನ ತಕರಾರಲ್ಲ. ಒಬ್ಬೊಬ್ಬರನ್ನೂ ಜಾತಿ, ಪಂಗಡದ ಮಾದರಿಯಾಗಿ ಜೋಡಿಸಿಟ್ಟಿದ್ದಾನೆ. ಕೂತಿದ್ದ ಮನುಷ್ಯನಿಗೆ ಒಂದು ಹೆಸರಿತ್ತು, ಮನೆ ಇತ್ತು ಅನ್ನೋದು ಆ ಪುಟಗಳಲ್ಲಿ ಕಾಣೋಲ್ಲ.

ನಮ್ಮ ಕಡೆಯದೂ ಒಂದು ಕಥೆ ಇದೆ. ಧಾರವಾಡ, ಬಿಜಾಪುರ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವಲ್ಲ. 1855ರ ಆಸುಪಾಸಿನಲ್ಲಿ ಸರ್ಕಾರ ಬಿಗ್ಸ್ ಅನ್ನೋ ಸೇನಾಧಿಕಾರಿಯನ್ನೂ, ಅವನಾದ ಮೇಲೆ ಡಾಕ್ಟರ್ ಪಿಗೌನನ್ನೂ ಹಳೇ ಗುಡಿ, ಗುಮ್ಮಟಗಳ ಫೋಟೋ ತೆಗೆಯೋಕೆ ಕಳಿಸಿತು. ಮದ್ರಾಸ್ ಕಡೆಯ ನೀಲ್ ಅನ್ನೋ ಡಾಕ್ಟರು ಹಳೇಬೀಡು, ಬೇಲೂರು ತೆಗೆದ. ಹತ್ತು ವರ್ಷ ಆದ್ಮೇಲೆ, 1866ರಲ್ಲಿ, ಈ ಮೂವರ ಚಿತ್ರಗಳು ಸೇರಿ 'ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್' ಅನ್ನೋ ದೊಡ್ಡ ಪುಸ್ತಕ ಲಂಡನ್ನಿನಲ್ಲಿ ಬಂತು. ಆ ಹೊತ್ತಿಗೆ ಪಿಗೌ ಬದುಕಿರಲಿಲ್ಲ. ಇತಿಹಾಸ ಬರೆದವನು ಮೆಡೋಸ್ ಟೇಲರ್, ವಾಸ್ತುಶಿಲ್ಪದ ಟಿಪ್ಪಣಿ ಜೇಮ್ಸ್ ಫರ್ಗುಸನ್‌ದು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬೆಲೆ ಏರಿ ಮುಂಬಯಿ ವ್ಯಾಪಾರಿಗಳು ಹಣದಲ್ಲಿ ಮುಳುಗಿದ್ದ ಕಾಲ ಅದು. ಈ ಸರಣಿಗೆ ಪ್ರೇಮಚಂದ ರಾಯಚಂದ್‌ರಂಥವರ ದುಡ್ಡು ಹೋಯ್ತು. ಹತ್ತಿ ಬೆಳೆದವರಲ್ಲಿ ಧಾರವಾಡದ ರೈತರೂ ಇದ್ರು. ಅವರ ಬೆವರೇ ಅವರ ಊರಿನ ಗುಡಿಗಳ ಪುಸ್ತಕ ಆಗಿ ಲಂಡನ್ ಸೇರಿತು ಅಂತ ನಾನು ಓದ್ಕೋತೀನಿ, ನೀವು ಒಪ್ಪದಿದ್ರೂ ಪರವಾಗಿಲ್ಲ. ಆ ಕಾಲದ ಗುಡಿಯ ಫೋಟೋಗಳಲ್ಲಿ ಅಲ್ಲಲ್ಲಿ ಕಂಬದ ಪಕ್ಕ ಒಬ್ಬ ನಿಂತಿರ್ತಾನೆ. ಕಂಬ ಎಷ್ಟು ಎತ್ತರ ಅಂತ ತೋರಿಸೋಕೆ. ಗುಡಿಗೆ ಹೆಸರಿದೆ, ಫೋಟೋ ತೆಗೆದವನಿಗೂ ಇದೆ. ಅಳತೆಗೋಲಾಗಿ ನಿಂತ ನಮ್ಮವನಿಗೆ ಇಲ್ಲ.

ಇದು ಬರೀ ವಸಾಹತು ಕಾಲದ ರೋಗ ಅಂದ್ಕೋಬೇಡಿ. 1955ರಲ್ಲಿ ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಸ್ಟೈಖೆನ್ 'ದಿ ಫ್ಯಾಮಿಲಿ ಆಫ್ ಮ್ಯಾನ್' ಪ್ರದರ್ಶನಕ್ಕೆ ಲಕ್ಷಗಟ್ಟಲೆ ಫೋಟೋಗಳಿಂದ 503 ಆರಿಸಿದ. ಮರುವರ್ಷ ಅದು ಮುಂಬಯಿಗೂ ಬಂತು. ಅದರಲ್ಲಿ ಡೊರೊಥಿಯಾ ಲ್ಯಾಂಗ್ 1936ರಲ್ಲಿ ತೆಗೆದ 'ವಲಸೆ ತಾಯಿ'ಯ ಚಿತ್ರ ಇತ್ತು. ಜಗತ್ತೆಲ್ಲ ನೋಡಿದ ಮುಖ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಲೋಕಕ್ಕೆ ಗೊತ್ತಾಗಿದ್ದು 1978ರಲ್ಲಿ, ನಲವತ್ತೆರಡು ವರ್ಷ ಆದ್ಮೇಲೆ.

ಸರಿ, ನಿಮ್ಮ ಹಾರ್ಡ್ ಡಿಸ್ಕಿಗೆ ಬರೋಣ. ಸಂಖ್ಯೆ ಬಗ್ಗೆ ತಲೆ ಕೆಡಿಸ್ಕೋಬೇಡಿ. ಆ ರಾಯಲ್ ಸೊಸೈಟಿಯವರು ಮೊದಲ ಮೆಟ್ಟಿಲಿಗೆ ಕೇಳೋದೇ ಹತ್ತು ಫೋಟೋ. ಬಿಡಿಬಿಡಿಯಾಗಿ ಮಾತ್ರ ಅಲ್ಲ, ಹತ್ತೂ ಒಟ್ಟಿಗೆ ಗೋಡೆ ಮೇಲೆ ಹೇಗೆ ಕೂರುತ್ವೆ ಅಂತಾನೂ ನೋಡ್ತಾರೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ ಹೆಸರಿನ ಜೊತೆ ಇದ್ದ ಎಫ್‌ಆರ್‌ಪಿಎಸ್ ಅದೇ ಏಣಿಯ ತುದಿ. ರಾಬರ್ಟ್ ಫ್ರಾಂಕ್ 'ದಿ ಅಮೆರಿಕನ್ಸ್' ಪುಸ್ತಕಕ್ಕೆ 27,000ಕ್ಕೂ ಹೆಚ್ಚು ಫ್ರೇಮ್ ತೆಗೆದು ಉಳಿಸಿಕೊಂಡಿದ್ದು 83. ಸಾವಿರದಷ್ಟನ್ನ ಪ್ರಿಂಟ್ ಹಾಕಿ ಗೋಡೆಗೆ ಚುಚ್ಚಿ ನೋಡಿ ನೋಡಿ ಕಿತ್ತ. ನೀವೂ ಸಣ್ಣ ಪ್ರಿಂಟ್ ಹಾಕಿಸಿ, ನೆಲದ ಮೇಲೆ ಹರಡಿ, ಒಂದು ವಾರ ಹಾಗೇ ಬಿಡಿ. ಓಡಾಡ್ತಾ ಕಣ್ಣು ಯಾವುದನ್ನ ದಾಟಿ ಹೋಗುತ್ತೋ ಅದನ್ನ ತೆಗೀರಿ. ಪಕ್ಕದಲ್ಲಿರೋ ಚಿತ್ರದ ಜೊತೆ ಮಾತಾಡದೆ ಒಂದೇ ಜಂಬ ಹೊಡೆಯೋ ಫೋಟೋ ಎಷ್ಟು ಚಂದ ಇದ್ರೂ ಹೊರಗಿಡಿ.

ಆಮೇಲೆ ಮುಖಗಳು. ಪಾರ್ಲೆ ಸ್ಟೇಷನ್ ಹೊರಗೆ ಹೂ ಮಾರೋರು, ಹಮಾಲರು, ಕಟ್ಟಡದ ಕೆಲಸದೋರು ನಮ್ಮ ಪೋರ್ಟ್‌ಫೋಲಿಯೋದಲ್ಲಿ 'ಮುಂಬಯಿ ಬದುಕು' ಅಂತ ಬಂದು ಕೂರ್ತಾರೆ. ಜಾನ್ಸನ್ ಮಾಡಿದ್ದೂ ಇದನ್ನೇ. ಮುಂಬಯಿಯ ಕಟ್ಟಡಗಳಿಗೆ ಕಲ್ಲು, ಸಿಮೆಂಟು ಹೊತ್ತವರಲ್ಲಿ ಯಾದಗಿರಿ, ಕಲಬುರಗಿ ಕಡೆಯವರೂ ಇದ್ದಾರೆ. ನಾವೂ ವಲಸೆ ಬಂದವರೇ, ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ್ವಿ ಅಷ್ಟೇ. ಕ್ಯಾಮೆರಾ ಎತ್ತೋ ಮುಂಚೆ "ಯಾವ ಊರವ್ವಾ ನಿಂದು?" ಅಂತ ಕೇಳಿ ನೋಡಿ. ಕನ್ನಡದಲ್ಲಿ ಉತ್ತರ ಬಂದ್ರೂ ಬಂತು. ಬೇಡ ಅಂದ್ರೆ ತೆಗೀಬೇಡಿ. ಹೂಂ ಅಂದ್ರೆ ಹೆಸರು ಕೇಳಿ ಬರ್ಕೊಳ್ಳಿ, ಹೆಸರು ಹಾಕಬಹುದಾ ಅಂತಾನೂ ಕೇಳಿ.

ಬರೆದಿಡೋದು ಎಲ್ಲಿ? ಪ್ರಿಂಟ್ ಆದ್ರೆ ಹಿಂದೆ, ಅಂಚಿನಲ್ಲಿ, ಮೆದು ಪೆನ್ಸಿಲ್‌ನಲ್ಲಿ: ಹೆಸರು, ಜಾಗ, ತಾರೀಖು. ಬಾಲ್‌ಪೆನ್ ಬೇಡ, ಮುಂದಕ್ಕೆ ಅಚ್ಚೊತ್ತುತ್ತೆ. ಫೈಲ್ ಆದ್ರೆ ಮೆಟಾಡೇಟಾದ ಕ್ಯಾಪ್ಷನ್ ಜಾಗದಲ್ಲಿ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಆ ಮಾಹಿತಿ ಉದುರಿ ಹೋಗುತ್ತೆ. ಮೂಲ ಫೈಲ್ ಬೇರೆ ಇಟ್ಕೊಳ್ಳಿ, ಆಕೆಗೆ ಒಂದು ಪ್ರಿಂಟ್ ಒಯ್ದು ಕೊಡಿ. ಅಷ್ಟರಲ್ಲಿ ಕಟ್ಟಡ ಮುಗಿದು ಅವರು ಇನ್ನೊಂದು ಸೈಟಿಗೆ ಹೋಗಿರಬಹುದು, ಅದಕ್ಕೇ ಬೇಗ ಹೋಗಿ.